ನೆಲದಾಳದ ಎಚ್ಚರ: ಕರ್ನಾಟಕದ ಗಣಿಗಳಲ್ಲಿ ಕಾರ್ಮಿಕರು ಮತ್ತು ಸುರಕ್ಷತೆ

ಕರ್ನಾಟಕದ ಚಿನ್ನದ ಗಣಿಗಳ ಇತಿಹಾಸವನ್ನು ಸಾಮಾನ್ಯವಾಗಿ ಉತ್ಪಾದನೆಯ ಪ್ರಮಾಣ, ಕಂಪನಿಗಳ ಬಂಡವಾಳ ಹಾಗೂ ತಂತ್ರಜ್ಞಾನದ ಸಾಧನೆಗಳ ನೆಲೆಯಲ್ಲಿ ಬರೆಯಲಾಗಿದೆ. ಗಣಿಯೊಳಗೆ ಜೀವಹಾನಿಯನ್ನು ತಡೆಯುವಲ್ಲಿ ಕಾರ್ಮಿಕರು ವಹಿಸಿದ ಪಾತ್ರ ಈ ಬರವಣಿಗೆಯ ಅಂಚಿಗೆ ಸರಿದಿದೆ. ಸುರಕ್ಷತೆಯೆಂದರೆ ಮಾಲೀಕನು ಒದಗಿಸುವ ಸೌಲಭ್ಯ, ಕಾರ್ಮಿಕನು ಪಾಲಿಸಬೇಕಾದ ನಿಯಮ ಎಂಬ ಗ್ರಹಿಕೆಯೇ ಇದಕ್ಕೆ ಕಾರಣ. ಕೋಲಾರದ ಅನುಭವವು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಕೋಲಾರದ ಆಧುನಿಕ ಗಣಿಗಾರಿಕೆ ವಿಸ್ತಾರಗೊಂಡಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಪ್ರಸಿದ್ಧವಾದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಹರಿಯಿತು. ಕಾಲಕ್ರಮೇಣ ಗಣಿಯ ಆಳ ಮೂರು ಕಿಲೋಮೀಟರನ್ನು ಮೀರಿತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಶಾಖಕ್ಕಿಂತ ಭಯಂಕರವಾದದ್ದು ಬಂಡೆಯ ಸಿಡಿತ. ಮೇಲಿನ ಭಾರವನ್ನು ತಾಳಲಾರದ ಶಿಲೆ ಒಮ್ಮೆಲೇ ಸ್ಫೋಟಿಸಿ ಸುರಂಗವನ್ನೇ ಮುಚ್ಚಿಬಿಡುವ ಈ ವಿದ್ಯಮಾನವನ್ನು ಗಣಿಯ ಜನ ‘ಏರ್ ಬ್ಲಾಸ್ಟ್’ ಎಂದು ಕರೆಯುತ್ತಿದ್ದರು.

ಇಂಥ ಪರಿಸರದಲ್ಲಿ ಮೊದಲ ಎಚ್ಚರಿಕೆ ದೊರೆಯುತ್ತಿದ್ದುದು ಕೆಲಸಗಾರನ ಕಿವಿಗೆ. ಕಬ್ಬಿಣದ ಸಲಾಕೆಯಿಂದ ಛಾವಣಿಯ ಬಂಡೆಯನ್ನು ತಟ್ಟಿ ನೋಡುವುದು ಗಣಿಗಾರಿಕೆಯ ಹಳೆಯ ಪದ್ಧತಿ. ಖಣಿಲೆಂಬ ನಾದ ಬಂದರೆ ಬಂಡೆ ಗಟ್ಟಿ. ಟೊಳ್ಳು ಸದ್ದು ಬಂದರೆ ಅದು ಒಳಗೊಳಗೇ ಬಿರುಕು ಬಿಟ್ಟಿದೆಯೆಂದು ಅರ್ಥ. ಸಡಿಲಗೊಂಡ ಕಲ್ಲನ್ನು ಮೊದಲು ಕೆಡವಿ, ಆಧಾರ ಕೊಟ್ಟ ಬಳಿಕವೇ ಮುಂದಿನ ಕೆಲಸ. ಆಧಾರಕ್ಕೆ ಮರದ ದಿಮ್ಮಿಗಳನ್ನು ಬಳಸುತ್ತಿದ್ದ ಕೋಲಾರದಲ್ಲಿ ಮುಂದೆ ಕಡಿದ ಗ್ರಾನೈಟ್ ಕಲ್ಲುಗಳ ಗೋಡೆಗಳು ಬಂದವು. ವಿನ್ಯಾಸ ಎಂಜಿನಿಯರನದಾದರೂ, ಅದು ನಿಲ್ಲುವುದು ಬೀಳುವುದು ಕಲ್ಲನ್ನು ಕೂರಿಸುವ ಕೈಯ ಕುಶಲತೆಯನ್ನೇ ಅವಲಂಬಿಸಿತ್ತು.

ಆದರೆ ಈ ತಿಳಿವಳಿಕೆಗೆ ಆಡಳಿತದಲ್ಲಿ ತಕ್ಕ ಸ್ಥಾನ ದೊರೆಯಲಿಲ್ಲ. ಕಾರ್ಮಿಕರಲ್ಲಿ ಬಹುಸಂಖ್ಯಾತರು ತಮಿಳು, ತೆಲುಗು ಪ್ರದೇಶಗಳಿಂದ ಬಂದ ದಲಿತರು. ಚಿನ್ನದ ಕಳವಿನ ಶಂಕೆಯಿಂದ ಪಾಳಿ ಮುಗಿಸಿ ಬರುವವರನ್ನು ಶೋಧಿಸಲಾಗುತ್ತಿತ್ತು. 1930ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಕಂಪನಿ ಜಾರಿಗೆ ತರಲು ಹೊರಟಾಗ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಈ ಘಟನೆಯನ್ನು ಕೇವಲ ಕೈಗಾರಿಕಾ ವಿವಾದವಾಗಿ ನೋಡಿದರೆ ಸಾಲದು. ದ್ವಾರದಲ್ಲಿ ಕಳ್ಳನೆಂದು ಶಂಕಿಸಲ್ಪಡುವವನು ಒಳಗೆ ಕಂಡ ಅಪಾಯವನ್ನು ನಿರ್ಭೀತಿಯಿಂದ ಮೇಲ್ವಿಚಾರಕನಿಗೆ ತಿಳಿಸುವನೆಂದು ನಿರೀಕ್ಷಿಸುವುದು ಕಷ್ಟ. ಸುರಕ್ಷತೆಗೆ ಪರಸ್ಪರ ವಿಶ್ವಾಸವೇ ತಳಹದಿ.

ಕಿವಿಗೆ ಕೇಳದ ಅಪಾಯವೂ ಅಲ್ಲಿತ್ತು. ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಯೂರಿ ವರ್ಷಗಳ ತರುವಾಯ ಸಿಲಿಕೋಸಿಸ್ ರೋಗವಾಗಿ ಪ್ರಕಟಗೊಳ್ಳುತ್ತದೆ. 1940ರ ದಶಕದಲ್ಲಿ ಕೋಲಾರದ ಕಾರ್ಮಿಕರ ಮೇಲೆ ನಡೆದ ವೈದ್ಯಕೀಯ ಅಧ್ಯಯನಗಳು ಭಾರತದಲ್ಲಿ ಈ ರೋಗದ ಕುರಿತ ಆರಂಭಿಕ ಅಧ್ಯಯನಗಳಲ್ಲಿ ಸೇರುತ್ತವೆ. ನೀರು ಹಾಯಿಸಿ ಕೊರೆಯುವುದು ಧೂಳನ್ನು ಅಡಗಿಸುವ ಮುಖ್ಯ ಉಪಾಯ. ಕಾರ್ಮಿಕನು ಇದನ್ನು ತಪ್ಪದೆ ಪಾಲಿಸಬೇಕಾದರೆ ಧೂಳಿನ ಪರಿಣಾಮ ಅವನಿಗೆ ತಿಳಿದಿರಬೇಕು. ಕೊರೆಯುವಲ್ಲಿಗೆ ನೀರಿನ ಕೊಳವೆಯೂ ತಲಪಿರಬೇಕು. ಅನುಭವ ಸಾಲದ ಕಡೆ ಮಾಹಿತಿ ಅನಿವಾರ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾನೂನು ಈ ಸತ್ಯವನ್ನು ಮನಗಂಡದ್ದು ತಡವಾಗಿ. 1948ರ ಕಾರ್ಖಾನೆಗಳ ಕಾಯ್ದೆ ಮತ್ತು 1952ರ ಗಣಿ ಕಾಯ್ದೆಗಳು ಮೂಲತಃ ಮಾಲೀಕನ ಹೊಣೆ ಹಾಗೂ ಸರ್ಕಾರಿ ತಪಾಸಣೆಯನ್ನು ಆಧರಿಸಿದ್ದವು. 1980ರ ದಶಕದ ತಿದ್ದುಪಡಿಗಳ ಮೂಲಕ ಗಣಿ ನಿಯಮಗಳಲ್ಲಿ, 100ಕ್ಕಿಂತ ಹೆಚ್ಚು ಜನ ದುಡಿಯುವ ಗಣಿಗಳಿಗೆ ಸುರಕ್ಷತಾ ಸಮಿತಿಯೂ 500 ಅಥವಾ ಹೆಚ್ಚಿನವರಿರುವಲ್ಲಿ ಕಾರ್ಮಿಕರ ಪರವಾದ ತಪಾಸಕರೂ ಬಂದರು. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ಸಂಭವಿಸಿತು. ಆ ಕಾರ್ಖಾನೆಯ ಸೋರಿಕೆಗಳ ಬಗ್ಗೆ ಕಾರ್ಮಿಕರು ಮೊದಲೇ ದನಿಯೆತ್ತಿದ್ದರು; 1981ರಲ್ಲಿ ವಿಷಾನಿಲಕ್ಕೆ ಒಬ್ಬ ಕಾರ್ಮಿಕ ಬಲಿಯಾಗಿದ್ದ. 1987ರ ತಿದ್ದುಪಡಿ ಕಾರ್ಖಾನೆಗಳ ಕಾಯ್ದೆಗೆ ಹೊಸ ಅಧ್ಯಾಯವನ್ನೇ ಸೇರಿಸಿ, ಅಪಾಯಕಾರಿ ಪ್ರಕ್ರಿಯೆಗಳಿರುವಲ್ಲಿ ಕಾರ್ಮಿಕರು ಮತ್ತು ಆಡಳಿತದ ಸಮಸಂಖ್ಯೆಯ ಸಮಿತಿಯನ್ನೂ, ಸನ್ನಿಹಿತ ಅಪಾಯದ ಬಗ್ಗೆ ಎಚ್ಚರಿಸುವ ಕಾರ್ಮಿಕರ ಹಕ್ಕನ್ನೂ ವಿಧಿಸಿತು.

ಕೋಲಾರದಲ್ಲಿ 1970ರ ದಶಕದ ಕೊನೆಗೆ ಭೂಕಂಪನ ಮಾಪಕಗಳ ಜಾಲ, 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಗೊಂಡವು. ಕಿವಿಯ ಕೆಲಸವನ್ನು ಯಂತ್ರ ಹಂಚಿಕೊಂಡಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವಾದರೂ ಅಲ್ಲಿ ಗಳಿಸಿದ ಜ್ಞಾನ ಮುಚ್ಚಿಹೋಗಲಿಲ್ಲ.

ಈ ಚರ್ಚೆ ಕಲ್ಯಾಣ ಕರ್ನಾಟಕಕ್ಕೆ ಪರಕೀಯವಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇಂದಿಗೂ ನಡೆದಿದೆ. ಶಹಾಬಾದಿನ ಕಲ್ಲುಗಣಿಗಳು, ವಾಡಿ ಮತ್ತು ಸೇಡಂ ಪರಿಸರದ ಸಿಮೆಂಟು ಕಾರ್ಖಾನೆಗಳು, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ತೊಗರಿಯನ್ನು ಬೇಳೆ ಮಾಡುವ ಕಲಬುರಗಿಯ ದಾಲ್ ಮಿಲ್ಲುಗಳು ಸಾವಿರಾರು ಕುಟುಂಬಗಳ ಅನ್ನದ ಆಸರೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020, ಸುರಕ್ಷತೆಯ ಮಾಹಿತಿ ಪಡೆಯುವ ಮತ್ತು ಅಪಾಯವನ್ನು ಗಮನಕ್ಕೆ ತರುವ ಹಕ್ಕನ್ನು ಉದ್ಯೋಗಿಗಳಿಗೆ ನೀಡಿದೆ. ಆದರೆ ಸಮಿತಿಗಳ ಇತಿಹಾಸ ಬಹುಮಟ್ಟಿಗೆ ದೊಡ್ಡ ಉದ್ಯಮಗಳ ಇತಿಹಾಸ. ಹತ್ತಾರು ಮಂದಿ ದಿನಗೂಲಿಗೆ ದುಡಿಯುವ ಕಲ್ಲುಗಣಿಯಲ್ಲಿ, ಬೆಲ್ಟಿಗೆ ಮರೆಯಿಲ್ಲದ ಮಿಲ್ಲಿನಲ್ಲಿ, ಅಪಾಯವನ್ನು ಮೊದಲು ಕಂಡವನು ಅದನ್ನು ಹೇಳಿದರೆ ನಾಳೆಯ ಕೂಲಿ ತಪ್ಪೀತೆಂಬ ಅಂಜಿಕೆ ಸಹಜ. ಕೋಲಾರದಲ್ಲಿ ಬಂಡೆಯ ಸದ್ದನ್ನು ಆಲಿಸುವ ಕಿವಿಗಳಿಗೆ ಕೊರತೆಯಿರಲಿಲ್ಲ. ಆ ಕಿವಿಯುಳ್ಳವರ ಮಾತನ್ನು ಆಲಿಸುವ ವ್ಯವಸ್ಥೆ ರೂಪುಗೊಳ್ಳಲು ನೂರು ವರ್ಷ ಹಿಡಿಯಿತು. ಸಣ್ಣ ಉದ್ಯಮಗಳ ಕಾರ್ಮಿಕರಿಗೂ ಅಷ್ಟೇ ದೀರ್ಘ ಕಾಲ ಕಾಯುವ ಸ್ಥಿತಿ ಒದಗಬಾರದೆಂಬುದೇ ಈ ಇತಿಹಾಸದ ಪಾಠ.