ನಿರಿಗೆ ಮತ್ತು ಸೂಟು

ಮೈಯ ಬಗೆಗಿನ ಕೀಳರಿಮೆಯನ್ನು ಈ ದೇಶದಲ್ಲಿ ಜಾತಿ ಕಲಿಸಿತು. ಯಾರು ಏನು ಉಡಬೇಕು, ಎಷ್ಟು ಮುಚ್ಚಬೇಕು ಅನ್ನೋದೂ ಅದರದೇ ಕಟ್ಟಳೆ. ತಿರುವಾಂಕೂರಿನ ನಾಡಾರ್ ಹೆಂಗಸರಿಗೆ ಎದೆ ಮುಚ್ಚಿಕೊಳ್ಳುವ ಹಕ್ಕು ದಶಕಗಳ ಹೋರಾಟದ ನಂತರ 1859ರಲ್ಲಿ ಸಿಕ್ಕಿತು. ಅದೂ ಮೇಲ್ಜಾತಿ ಹೆಂಗಸರ ಹಾಗೆ ಹೊದೆಯಕೂಡದೆಂಬ ಷರತ್ತಿನ ಮೇಲೆ.

1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಅಂಬೇಡ್ಕರ್, ಅಲ್ಲೇ ಹೆಂಗಸರ ಜೊತೆ ಉಡುಗೆಯ ಮಾತಾಡಿದರು. ಮೊಣಕಾಲ ಮೇಲೆ ಕಟ್ಟುವ ಸೀರೆ, ಮೈತುಂಬ ಭಾರದ ಒಡವೆ: ಇವು ಅಸ್ಪೃಶ್ಯಳೆಂದು ದೂರದಿಂದಲೇ ಸಾರುವ ಗುರುತುಗಳು, ಬಿಡಿ ಅಂದರು. ಹೆಂಗಸರು ತಡಮಾಡದೆ ನಿರಿಗೆಯನ್ನು ಪಾದದವರೆಗೆ ಇಳಿಬಿಟ್ಟು ಉಟ್ಟರು. ಇದು ಮೇಲ್ಜಾತಿಯ ಅನುಕರಣೆ ಅನ್ನುವವರಿದ್ದಾರೆ. ಕಂಡ ಕೂಡಲೇ ದೂರ ಸರಿ ಅನ್ನಿಸಿಕೊಂಡವಳಿಗೆ ಗುರುತು ಅಳಿಸೋದೇ ಮೊದಲ ಕೆಲಸ.

ಗಂಡಸರಿಗೆ ಬಾಬಾಸಾಹೇಬರ ಸೂಟು ಸಿಕ್ಕಿತು. ನಮ್ಮ ಕೇರಿಯ ಹುಡುಗ ಆ ನೀಲಿ ಸೂಟಿನ ಪ್ರತಿಮೆ ಮುಂದೆ ಎದೆಯೆತ್ತಿ ನಿಲ್ಲುತ್ತಾನೆ. ನಿಲ್ಲಲಿ. ಆದರೆ ಮಹಾಡಿನ ಆ ನಿರಿಗೆಗೆ ಪ್ರತಿಮೆ ಎಲ್ಲಿದೆ? ಮರಾಠಿಯಲ್ಲಿ ಊರ್ಮಿಳಾ ಪವಾರ್, ಮೀನಾಕ್ಷಿ ಮೂನ್ 1989ರಲ್ಲೇ ಅಂಬೇಡ್ಕರ್ ಚಳವಳಿಯ ಹೆಂಗಸರ ಚರಿತ್ರೆ ಬರೆದರು. ನಾವೋ, ಸ್ವಾಭಿಮಾನವನ್ನು ಇನ್ನೂ ಗಂಡಸಿನ ಅಳತೆಗೇ ಹೊಲಿಯುತ್ತಿದ್ದೇವೆ.