ರೋಹಿಣಿಯೂ ಅದರ ಶಕಟವೂ

ಮಾಘಮಾಸದಲ್ಲಿ ಕತ್ತಲೆ ಕವಿದ ಬಳಿಕ ಬೆಂಗಳೂರಿನ ಶ್ರೀನಗರದಲ್ಲಿ ನಿಂತು ನೆತ್ತಿಯತ್ತ ನೋಡುವವರಿಗೆ ಕಿತ್ತಿಳೆಯ ಬಣ್ಣದ ಒಂದು ತಾರೆಯು ಕಾಣುವುದು. ಅದೇ ರೋಹಿಣಿ. ಪಾಶ್ಚಾತ್ಯರು ಅದನ್ನು ಅರಬ್ಬೀ ಮೂಲದ ಹೆಸರಿನಿಂದ ಆಲ್ಡೆಬರಾನ್ ಎಂದು ಕರೆಯುವರು. ಒಕ್ಕಲಿಗರು ರೋಹಿಣಿ ಮಳೆಯನ್ನು ಎದುರುನೋಡುವ ಮೇ ತಿಂಗಳ ಕೊನೆಯಲ್ಲಾದರೋ, ಸೂರ್ಯನು ಅದರ ಸಮೀಪಕ್ಕೆ ಬಂದಿರುವುದರಿಂದ ತಾರೆಯು ಗೋಚರಿಸದು.

ಸೂರ್ಯಸಿದ್ಧಾಂತವು ರೋಹಿಣಿಯ ಧ್ರುವಕವನ್ನು 49 ಅಂಶ 30 ಕಲೆಯೆಂದೂ ದಕ್ಷಿಣವಿಕ್ಷೇಪವನ್ನು 5 ಅಂಶವೆಂದೂ ಹೇಳಿದೆ. ಇಂದಿನ ಅಳತೆಯಲ್ಲಿ ಆ ವಿಕ್ಷೇಪವು ಸುಮಾರು ಐದೂವರೆ ಅಂಶ. ದೂರದರ್ಶಕವಿಲ್ಲದ ಕಾಲಕ್ಕೆ ಇದು ಅಲ್ಪಸಾಧನೆಯಲ್ಲ. ಪಕ್ಕದ ಕಿರುತಾರೆಗಳೊಡನೆ ರೋಹಿಣಿಯನ್ನು ಕೂಡಿಸಿ ಪೂರ್ವಿಕರು ಒಂದು ಬಂಡಿಯ ಆಕಾರವನ್ನು ಕಂಡರು. ವೃಷಭದ 17ನೆಯ ಅಂಶದಲ್ಲಿ, ಎರಡು ಅಂಶಕ್ಕಿಂತ ಅಧಿಕವಾದ ದಕ್ಷಿಣವಿಕ್ಷೇಪವುಳ್ಳ ಗ್ರಹವು ಈ ರೋಹಿಣೀಶಕಟವನ್ನು ಭೇದಿಸುವುದೆಂದು ಅದೇ ಗ್ರಂಥವು ವಿಧಿಸಿದೆ.

ಆದರೆ ಕಣ್ಣು ದಿಕ್ಕನ್ನು ಬಲ್ಲುದು; ದೂರವನ್ನು ಅರಿಯದು. 1908ರಲ್ಲಿ ಅಮೆರಿಕದ ಲೂಯಿಸ್ ಬಾಸ್ ಎಂಬ ಪಂಡಿತನು ಆ ಕಿರುತಾರೆಗಳು ಆಕಾಶದ ಒಂದೇ ಬಿಂದುವಿನತ್ತ ಸಾಗುತ್ತಿರುವಂತೆ ತೋರುವುವೆಂದು ಕಂಡು, ಅವು ಒಂದೇ ಕುಟುಂಬವೆಂದು ಸಿದ್ಧಪಡಿಸಿದನು. ರೋಹಿಣಿಯ ಗತಿಯು ಬೇರೆ. ಕಿರುತಾರೆಗಳು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿರುವುವು. ರೋಹಿಣಿಯು ಸುಮಾರು 65ರಷ್ಟೇ ದೂರದಲ್ಲಿದೆ. ಬಂಡಿಗೆ ಹೆಸರನ್ನಿತ್ತ ತಾರೆಯೇ ಬಂಡಿಗೆ ಸೇರಿದುದಲ್ಲ!

ಕಿತ್ತಿಳೆಯ ತಾರೆಗಳಲ್ಲಿ ಈ ಭ್ರಾಂತಿಯು ಸುಲಭ. ಹತ್ತಿರದ ಸಣ್ಣ ತಾರೆಯೂ ದೂರದ ಮಹಾತಾರೆಯೂ ಒಂದೇ ಬಣ್ಣದಿಂದ ಬೆಳಗಬಲ್ಲುವು. ಇದನ್ನು ಬಿಡಿಸುವ ಒಂದು ಉಪಾಯವನ್ನು 1957ರಲ್ಲಿ ಓಲಿನ್ ವಿಲ್ಸನ್ನರೊಡನೆ ಪ್ರಕಟಿಸಿದವರು ವೈನು ಬಪ್ಪುರವರು. ಇಂತಹ ತಾರೆಗಳ ವರ್ಣಪಟಲದಲ್ಲಿ ಕ್ಯಾಲ್ಸಿಯಂ ಧಾತುವಿನ ಒಂದು ಉಜ್ಜ್ವಲರೇಖೆಯಿರುವುದು. ಅದರ ಅಗಲವು ಹೆಚ್ಚಿದಷ್ಟೂ ತಾರೆಯ ನಿಜವಾದ ಕಾಂತಿಯು ಅಧಿಕವೆಂದು ಅವರು ತೋರಿಸಿದರು. ನಿಜಕಾಂತಿಯು ತಿಳಿದರೆ ದೂರವೂ ತಿಳಿಯುವುದು. ಮುಂದೆ ಕೋರಮಂಗಲದಲ್ಲಿ ನೆಲೆಗೊಂಡ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರೂ ಅವರೇ.

ರೋಹಿಣಿಯಾದರೋ ಮಹಾತಾರೆಯೇ. ಅದರ ವ್ಯಾಸವು ಸೂರ್ಯನ ವ್ಯಾಸದ ನಲವತ್ತು ಪಟ್ಟಿಗೂ ಮೇಲು. ಅದರ ಮೈಯ ಉಷ್ಣತೆಯಾದರೋ ಸುಮಾರು 3,600 ಡಿಗ್ರಿ ಸೆಂಟಿಗ್ರೇಡ್. ಸೂರ್ಯನಿಗಿಂತ ಕಡಮೆಯಾದುದರಿಂದಲೇ ಆ ಕೆಂಬಣ್ಣ.

ಈಗ ನಗರದ ದೀಪಗಳ ನಡುವೆ ರೋಹಿಣಿಯು ಉಳಿದಿದೆ, ಶಕಟವು ಮಸುಕಾಗಿದೆ. ಶ್ಲೋಕವನ್ನು ಬಾಯಿಪಾಠಮಾಡಿದ ಬಾಲಕನು ಅದರ ಅರ್ಥವನ್ನು ಆಕಾಶದಲ್ಲಿ ಕಾಣಬೇಕಾದರೆ ಊರ ಹೊರಗಿನ ಕತ್ತಲೆಗೆ ಹೋಗಬೇಕು. ಹಿರಿಯರು ಅವನನ್ನು ಒಂದಿರುಳಾದರೂ ಕರೆದೊಯ್ಯುವುದು ಉಚಿತ. ಸಿದ್ಧಾಂತವನ್ನು ಬರೆದವರೂ ಮೊದಲು ನೋಡಿಯೇ ಬರೆದವರು.