ಹೊನ್ನಮ್ಮನ ಪ್ರಶ್ನೆ, ನಮ್ಮ ತರಗತಿಯ ವಾದ

ಶಾಲೆಯ ಕಟ್ಟಡ, ಕೊಳವೆಬಾವಿ, ಎಸ್ಸೆಸ್ಸೆಲ್ಸಿ ಫಲಿತಾಂಶಗಳ ಚರಿತ್ರೆಯನ್ನು ಈ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಇಲ್ಲಿ ಹದಿನೆಂಟು ವರ್ಷ ಕನ್ನಡ ಕಲಿಸಿದ ನಾನು, ತರಗತಿಯೊಳಗೆ ವರ್ಷ ವರ್ಷವೂ ಎದ್ದ ಒಂದು ವಾದದ ಬಗ್ಗೆ ಮಾತ್ರ ಬರೆಯುತ್ತೇನೆ. ಹೆಣ್ಣಿನ ಕೆಲಸ ಯಾವುದು, ಗಂಡಿನ ಕೆಲಸ ಯಾವುದು ಎಂಬ ವಾದ. ಅದನ್ನು ಎಬ್ಬಿಸುತ್ತಿದ್ದವಳು ಸಂಚಿ ಹೊನ್ನಮ್ಮ.

ಹೊನ್ನಮ್ಮ ಯಳಂದೂರಿನ ಕಡೆಯವಳು. 17ನೇ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದಳು. ಸಿಂಗರಾರ್ಯನಲ್ಲಿ ಕಲಿತು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹದಿಬದೆ ಎಂದರೆ ಪತಿವ್ರತೆ. ಹೆತ್ತವಳು, ಸಾಕಿದವಳು ಹೆಣ್ಣೇ ಆಗಿರುವಾಗ ಹೆಣ್ಣನ್ನು ಹಳಿಯುವುದೇಕೆ ಎಂದು ಅವಳು ಕೇಳುವ ಭಾಗ ಎಲ್ಲರಿಗೂ ಗೊತ್ತು. ಮಹಿಳಾ ದಿನದ ಭಾಷಣಗಳು ಅದಿಲ್ಲದೆ ಮುಗಿಯುವುದಿಲ್ಲ. ಆದರೆ ಪುಸ್ತಕದ ಬಹುಪಾಲು, ಗಂಡ ಅತ್ತೆ ಮಾವಂದಿರ ಮುಂದೆ ಹೆಂಡತಿ ಹೇಗೆ ತಗ್ಗಿ ನಡೆಯಬೇಕೆಂಬುದೇ.

ಎರಡನ್ನೂ ಮಕ್ಕಳ ಮುಂದಿಡುವುದು ನನ್ನ ರೂಢಿ. ಸೊಸೆಗೆ ಹೇಳಿದ್ದನ್ನು ಅಳಿಯನಿಗೆ ಹೇಳಿದ್ದೆಂದು ಬದಲಿಸಿ ಓದಿರಿ ಎನ್ನುತ್ತಿದ್ದೆ. ಹುಡುಗರು ಮೊದಲು ಬಿದ್ದು ಬಿದ್ದು ನಗುತ್ತಿದ್ದರು. ನಗು ಯಾಕೆ ಬಂತು ಎಂದು ಕೇಳಿದ ಮೇಲೆ ನಿಜವಾದ ಪಾಠ ಶುರು. ಬೆಳಿಗ್ಗೆ ಕೊಟ್ಟಿಗೆ ಗುಡಿಸಿ ಬಂದವರು ಯಾರು, ಹಿತ್ತಲಲ್ಲಿ ಪಾತ್ರೆ ತೊಳೆದವರು ಯಾರು ಎಂಬಲ್ಲಿಗೆ ಮಾತು ಬರುತ್ತಿತ್ತು. ಒಬ್ಬ ಹುಡುಗ ತಾನು ಮನೆಯಲ್ಲಿ ರೊಟ್ಟಿ ತಟ್ಟುವುದನ್ನು ಹೇಳಿ ಇಡೀ ವರ್ಷ ಅಡ್ಡಹೆಸರು ಹೊತ್ತ. ಕಟ್ಟುಪಾಡು ಗಂಡಿಗೂ ಉಂಟು ಎಂಬುದಕ್ಕೆ ಬೇರೆ ಉದಾಹರಣೆ ಬೇಕಾಗಲಿಲ್ಲ. ಒಬ್ಬ ಹುಡುಗಿ ಕೇಳಿದ್ದು ನನಗೆ ಇಂದಿಗೂ ದೊಡ್ಡ ವಿಮರ್ಶೆ: “ಅರಮನೆಯ ಅನ್ನ ಉಣ್ಣುವವಳು ಇಷ್ಟಾದರೂ ಕೇಳಿದಳಲ್ಲ ಸಾರ್, ಅಷ್ಟೂ ಕೇಳದಿದ್ದರೆ?”

ಹೀಗೆ ಮರೆಯಲ್ಲಿ ನಿಂತು ಮಾತಾಡಿದವರು ಆಮೇಲೂ ಇದ್ದರು. ನಂಜನಗೂಡಿನ ತಿರುಮಲಾಂಬ ಹದಿಹರೆಯದಲ್ಲೇ ವಿಧವೆಯಾದವರು. 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಶುರುಮಾಡಿ ತಾವೇ ಬರೆದು ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಹೆಸರಿನಲ್ಲಿ ಸತಿ ಇದ್ದುದರಿಂದಲೇ ಆ ಪುಸ್ತಕಗಳು ಮನೆಯೊಳಗೆ ಹೋಗಲು ಸಾಧ್ಯವಾಯಿತೇನೋ ಎಂದು ನನ್ನ ಊಹೆ. ಅವರು ತೀರಿಕೊಂಡದ್ದು 1982ರಲ್ಲಿ. ನಮ್ಮ ಶಾಲೆಯ ಮೊದಲ ತಂಡ ಓದುವಾಗ ಅವರಿನ್ನೂ ಬದುಕಿದ್ದರು, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು ಬಾಳಿದ ಮಲೆನಾಡಿನ ಹೆಂಗಸಿನ ಕತೆ. ಮುಂದೆ ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ಅದನ್ನು ಓದಿ ಹೇಳಿದ ವರ್ಷವೇ ಹತ್ತನೇ ತರಗತಿಯ ಹುಡುಗಿಯೊಬ್ಬಳ ಮದುವೆ ಗೊತ್ತಾಯಿತು. ಸುದ್ದಿ ತಂದವರು ಅವಳ ಗೆಳತಿಯರಲ್ಲ, ಹಿಂದಿನ ಬೆಂಚಿನ ಮೂವರು ಹುಡುಗರು. ಮುಖ್ಯೋಪಾಧ್ಯಾಯರೂ ನಾನೂ ಎರಡು ಸಲ ಆ ಮನೆಗೆ ಹೋದೆವು. ಮದುವೆ ಮುಂದಕ್ಕೆ ಹೋಯಿತು, ಅವಳು ಪರೀಕ್ಷೆ ಬರೆದಳು, ಪಾಸಾದಳು. ಕಾಲೇಜಿಗೆ ಮಾತ್ರ ಕಳಿಸಲಿಲ್ಲ.

ನಮ್ಮ ಗ್ರಂಥಾಲಯದಲ್ಲಿರುವ ‘ಫಣಿಯಮ್ಮ’ ಒಂದೇ ಪ್ರತಿ, ರಟ್ಟು ಕಿತ್ತುಹೋಗಿದೆ. ಸುವರ್ಣ ಮಹೋತ್ಸವದ ಕೊಡುಗೆ ಪಟ್ಟಿಯಲ್ಲಿ ಫ್ಯಾನು, ಬೀರು ಈಗಾಗಲೇ ಸಾಕಷ್ಟಿವೆ. ಹಳೆಯ ವಿದ್ಯಾರ್ಥಿಗಳು ಇನ್ನು ಹತ್ತು ಪ್ರತಿ ಪುಸ್ತಕ ಸೇರಿಸಬಹುದು.